ಆಕ್ಸೆಸ್ ಪಾಯಿಂಟ್‌ನ ನೆಟ್‌ವರ್ಕ್ ಪೋರ್ಟ್ ಮೇಲೆ ಕಣ್ಣಿಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

‘ವೈಫೈ ನಿಧಾನ’ ಎಂಬ ದೂರು ಬಂದ ತಕ್ಷಣ ಚಾನೆಲ್ ಬದಲಾಯಿಸುವುದು, ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಡಬ್ಬಿ) ಜಾಗ ಬದಲಿಸುವುದು, ಕೊನೆಗೆ ಹೊಸದೊಂದನ್ನು ಕೊಂಡು ತರುವುದು. ಬೆಂಗಳೂರಿನ ಪಿಜಿ, ಅಪಾರ್ಟ್‌ಮೆಂಟ್, ಸಣ್ಣ ಆಫೀಸುಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇಷ್ಟೇ. ಗಾಳಿಯಲ್ಲಿ ಹೋಗುವ ಸಿಗ್ನಲ್‌ಗಾಗಿ ಇಷ್ಟೆಲ್ಲ ಪಾಡುಪಡುವವರು ಆ ಡಬ್ಬಿಯ ಬೆನ್ನಿಗೆ ಸಿಕ್ಕಿಸಿದ ತಂತಿಯ ಕಡೆ ತಿರುಗಿಯೂ ನೋಡುವುದಿಲ್ಲ. ಡೇಟಾ ಮತ್ತು ಕರೆಂಟು ಎರಡೂ ಅದೇ ತಂತಿಯಲ್ಲಿ ಬರುತ್ತವೆ. ಅದು ಸೊರಗಿದರೆ ವೈಫೈ 6 ಇರಲಿ, 7 ಇರಲಿ, ಪ್ರಯೋಜನವಿಲ್ಲ.

ಪೋರ್ಟ್ ನೋಡುವುದೆಂದರೆ ಹಸಿರು ದೀಪ ಉರಿಯುತ್ತಿದೆಯೇ ಎಂದು ನೋಡುವುದಲ್ಲ. ನೋಡಬೇಕಾದವು ನಾಲ್ಕು: ಲಿಂಕ್ ಎಷ್ಟು ವೇಗಕ್ಕೆ ಒಪ್ಪಂದವಾಗಿದೆ, ಎರರ್ ಎಣಿಕೆ ಏರುತ್ತಿದೆಯೇ, ಪಿಒಇ (ನೆಟ್‌ವರ್ಕ್ ತಂತಿಯಲ್ಲೇ ಬರುವ ಕರೆಂಟು) ಎಷ್ಟು ವ್ಯಾಟ್ ಕೊಡುತ್ತಿದೆ, ಲಿಂಕ್ ಎಷ್ಟು ಸಲ ಬಿದ್ದು ಎದ್ದಿದೆ. ಇವನ್ನು ತಂತಿಯ ಎರಡೂ ತುದಿಯಲ್ಲಿ, ಅಂದರೆ ಆಕ್ಸೆಸ್ ಪಾಯಿಂಟ್‌ನಲ್ಲೂ ಸ್ವಿಚ್‌ನಲ್ಲೂ (ನೆಟ್‌ವರ್ಕ್ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆ) ಓದಬೇಕು. ಒಂದೇ ತುದಿಯ ಲೆಕ್ಕ ನಂಬಿದರೆ ಅರ್ಧ ಕಥೆಯಷ್ಟೇ ಸಿಗುತ್ತದೆ.

ಮೊದಲು ಒಂದು ಹಾಳೆ

ಯಾವ ಆಕ್ಸೆಸ್ ಪಾಯಿಂಟ್ ಯಾವ ಸ್ವಿಚ್‌ನ ಎಷ್ಟನೇ ಪೋರ್ಟಿಗೆ ಹೋಗಿದೆ ಎಂಬುದು ಗೊತ್ತಿಲ್ಲದಿದ್ದರೆ ಮುಂದಿನ ಯಾವ ಕೆಲಸವೂ ಆಗುವುದಿಲ್ಲ. ಸ್ಪ್ರೆಡ್‌ಶೀಟ್‌ನಲ್ಲಿ ಒಂದೊಂದಕ್ಕೆ ಒಂದು ಸಾಲು ಇರಲಿ: ಜಾಗ (‘ಬಿ ಬ್ಲಾಕ್, 3ನೇ ಮಹಡಿ, ಲಿಫ್ಟ್ ಎದುರು’ ಎನ್ನುವಷ್ಟು ಸ್ಪಷ್ಟವಾಗಿ), ಮ್ಯಾಕ್ ವಿಳಾಸ (ಸಾಧನಕ್ಕೆ ಕಾರ್ಖಾನೆಯಲ್ಲೇ ಕೊಟ್ಟ ಗುರುತಿನ ಸಂಖ್ಯೆ), ಐಪಿ, ಸ್ವಿಚ್ ಮತ್ತು ಪೋರ್ಟ್ ಸಂಖ್ಯೆ, ಕೇಬಲ್ಲಿನ ಅಂದಾಜು ಉದ್ದ, ಎಲ್ಲ ಸರಿಯಿದ್ದ ದಿನದ ವೇಗ ಮತ್ತು ವ್ಯಾಟ್.

ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಫಾಲ್ಸ್ ಸೀಲಿಂಗ್ ಕಿತ್ತು ಹುಡುಕಬೇಕಾಗಿಲ್ಲ. ಸ್ವಿಚ್‌ನಲ್ಲಿ ಎಲ್‌ಎಲ್‌ಡಿಪಿ (ಪಕ್ಕದ ಸಾಧನಗಳು ಪರಸ್ಪರ ಪರಿಚಯ ಹೇಳಿಕೊಳ್ಳುವ ವ್ಯವಸ್ಥೆ) ಆನ್ ಮಾಡಿದರೆ ಪಕ್ಕದ ಸಾಧನಗಳ ಪಟ್ಟಿಯಲ್ಲಿ ಆಕ್ಸೆಸ್ ಪಾಯಿಂಟ್‌ನ ಹೆಸರು, ಅದು ಕೂತಿರುವ ಪೋರ್ಟ್ ಎರಡೂ ಸಿಗುತ್ತವೆ. ಎಲ್‌ಎಲ್‌ಡಿಪಿ ಇಲ್ಲದ ಸ್ವಿಚ್‌ನಲ್ಲಿ ಮ್ಯಾಕ್ ಟೇಬಲ್ ನೋಡಿ. ಆದರೆ ಅಲ್ಲಿ ಒಂದೇ ಪೋರ್ಟಿನ ಕೆಳಗೆ ಹತ್ತಾರು ಮ್ಯಾಕ್ ಕಾಣುತ್ತವೆ, ಏಕೆಂದರೆ ವೈಫೈಗೆ ಅಂಟಿಕೊಂಡ ಫೋನುಗಳೆಲ್ಲ ಆ ಪೋರ್ಟಿನ ಲೆಕ್ಕಕ್ಕೇ ಬರುತ್ತವೆ. ಆಕ್ಸೆಸ್ ಪಾಯಿಂಟ್‌ನ ತಳದ ಸ್ಟಿಕ್ಕರ್‌ನಲ್ಲಿರುವ ಮ್ಯಾಕ್ ಇಟ್ಟುಕೊಂಡು ಹುಡುಕಿ. ನಿರ್ವಹಣೆಯೇ ಇಲ್ಲದ ಅಗ್ಗದ ಸ್ವಿಚ್ ಆಗಿದ್ದರೆ ಇದಾವುದೂ ಸಿಗದು. ಆಗ ಆಕ್ಸೆಸ್ ಪಾಯಿಂಟ್ ತುದಿಯೊಂದೇ ಗತಿ.

ಸ್ಥಿತಿ ಎಲ್ಲಿ ಕಾಣುತ್ತದೆ

ದೀಪದ ಬಣ್ಣದ ಅರ್ಥ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಅಂದಾಜು ಮಾಡದೆ ಕೈಪಿಡಿಯಲ್ಲಿ ನೋಡಿ. ಎಷ್ಟೋ ಕಡೆ ರಾತ್ರಿ ಕಣ್ಣಿಗೆ ಚುಚ್ಚುತ್ತದೆಂದು ದೀಪವನ್ನೇ ಆಫ್ ಮಾಡಿರುತ್ತಾರೆ. ಕತ್ತಲಾಗಿದೆ ಎಂದ ಮಾತ್ರಕ್ಕೆ ಸತ್ತಿದೆ ಎಂದುಕೊಳ್ಳಬೇಡಿ.

ವೆಬ್ ಪುಟಕ್ಕೆ ಹೋಗಲು ರೌಟರ್‌ನ ಡಿಎಚ್‌ಸಿಪಿ ಪಟ್ಟಿಯಿಂದ (ಯಾವ ಸಾಧನಕ್ಕೆ ಯಾವ ಐಪಿ ಕೊಟ್ಟಿದೆ ಎಂಬ ಪಟ್ಟಿ) ಆಕ್ಸೆಸ್ ಪಾಯಿಂಟ್‌ನ ಐಪಿ ತೆಗೆದುಕೊಂಡು ಬ್ರೌಸರ್‌ನಲ್ಲಿ ಹಾಕಿ ಲಾಗಿನ್ ಆಗಿ. ಸ್ಟೇಟಸ್, ಮಾನಿಟರಿಂಗ್ ಅಥವಾ ಡ್ಯಾಶ್‌ಬೋರ್ಡ್ ಎಂಬ ಮೆನುವಿನ ಒಳಗೆ ಈಥರ್‌ನೆಟ್ ಅಥವಾ ಲ್ಯಾನ್ ಪೋರ್ಟ್ ಸ್ಥಿತಿ ಇರುತ್ತದೆ. ಅಪ್ ಅಥವಾ ಡೌನ್, ವೇಗ, ಡ್ಯುಪ್ಲೆಕ್ಸ್ (ಡೇಟಾ ಎರಡೂ ದಿಕ್ಕಿಗೆ ಒಟ್ಟಿಗೇ ಹೋದರೆ ಫುಲ್, ಸರದಿಯಲ್ಲಿ ಹೋದರೆ ಹಾಫ್), ಕಳಿಸಿದ ಮತ್ತು ಬಂದ ಪ್ಯಾಕೆಟ್ ಎಣಿಕೆ ಅಲ್ಲಿ ಕಾಣಬೇಕು. ಕ್ಲೌಡ್ ಡ್ಯಾಶ್‌ಬೋರ್ಡ್ ಮೂಲಕ ನೋಡುವವರು ಒಂದು ಮಾತು ನೆನಪಿಡಿ: ಅಲ್ಲಿ ಕಾಣುವುದು ಕೆಲವು ನಿಮಿಷ ಹಳೆಯ ಚಿತ್ರವಾಗಿರಬಹುದು. ಕೇಬಲ್ ಬಿಚ್ಚಿ ಹಾಕಿ ತಕ್ಷಣ ಬದಲಾವಣೆ ನಿರೀಕ್ಷಿಸಬೇಡಿ.

ಓಪನ್‌ಡಬ್ಲ್ಯುಆರ್‌ಟಿಯಂಥ ಲಿನಕ್ಸ್ ಆಧಾರಿತ ಸಾಧನಕ್ಕೆ ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿನಿಂದ ಆಜ್ಞೆ ಕೊಡುವ ದಾರಿ) ಇದ್ದರೆ ಇನ್ನೂ ಸಲೀಸು. ಕ್ಯಾಟ್ ಆಜ್ಞೆಯಿಂದ ‘/ಸಿಸ್/ಕ್ಲಾಸ್/ನೆಟ್/’ ಫೋಲ್ಡರಿನ ಒಳಗೆ ಪೋರ್ಟಿನ ಹೆಸರಿನಡಿ ಇರುವ ‘ಸ್ಪೀಡ್’, ‘ಡ್ಯುಪ್ಲೆಕ್ಸ್’, ‘ಕ್ಯಾರಿಯರ್’, ‘ಕ್ಯಾರಿಯರ್_ಚೇಂಜಸ್’ ಎಂಬ ನಾಲ್ಕು ಕಡತ ಓದಿ (ಟರ್ಮಿನಲ್‌ನಲ್ಲಿ ಇವನ್ನೆಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಬೇಕು). ಕ್ಯಾರಿಯರ್ 1 ಎಂದರೆ ಲಿಂಕ್ ಇದೆ. ಕೊನೆಯ ಕಡತ ಚಿನ್ನದಂಥದ್ದು. ಬೂಟ್ ಆದಾಗಿನಿಂದ ಲಿಂಕ್ ಸ್ಥಿತಿ ಎಷ್ಟು ಸಲ ಬದಲಾಗಿದೆ ಎಂಬ ಲೆಕ್ಕ ಅದರಲ್ಲಿದೆ. ಒಂದು ಸಲ ಬಿದ್ದು ಎದ್ದರೆ ಅದು ಎರಡು ಏರುತ್ತದೆ.

ಇಲ್ಲೊಂದು ಹೊಂಡವಿದೆ. ಒಂದಕ್ಕಿಂತ ಹೆಚ್ಚು ಪೋರ್ಟ್ ಇರುವ ಸಾಧನಗಳ ಒಳಗೇ ಒಂದು ಪುಟ್ಟ ಸ್ವಿಚ್ ಚಿಪ್ ಇರುತ್ತದೆ. ಅಂಥವುಗಳಲ್ಲಿ ಎತ್0 ಎಂಬುದು ಪ್ರೊಸೆಸರ್‌ನಿಂದ ಆ ಚಿಪ್‌ಗೆ ಹೋಗುವ ಒಳದಾರಿ ಆಗಿರಬಹುದು. ಹೊರಗಿನ ಕೇಬಲ್ ಕಿತ್ತರೂ ಅದು ‘ಅಪ್, 1000’ ಎಂದೇ ಹೇಳುತ್ತಿರುತ್ತದೆ. ಲ್ಯಾನ್1 ಅಥವಾ ವ್ಯಾನ್ ಎಂಬ ಹೆಸರಿನ ಪೋರ್ಟ್ ನೋಡಿ. ಅನುಮಾನವಿದ್ದರೆ ಕೇಬಲ್ ಒಮ್ಮೆ ಕಿತ್ತು ಹಾಕಿ, ಯಾವ ಎಣಿಕೆ ಬದಲಾಯಿತೋ ಅದೇ ನಿಜವಾದ ಪೋರ್ಟ್. ಪಿಒಇ ಕೇಬಲ್ ಆದರೆ ಕಿತ್ತ ಕೂಡಲೇ ಸಾಧನವೇ ಆಫ್ ಆಗುತ್ತದೆ, ಹಾಗಾಗಿ ಅಡಾಪ್ಟರ್ ಹಾಕಿಕೊಂಡು ಈ ಪರೀಕ್ಷೆ ಮಾಡಿ.

100ಕ್ಕೆ ಜಾರಿದ ಗಿಗಾಬಿಟ್

ಕೆಲಸದಲ್ಲಿ ಎದುರಾಗುವ ದೋಷಗಳಲ್ಲಿ ಅತಿ ಸಾಮಾನ್ಯವಾದದ್ದೂ ಕಣ್ಣಿಗೆ ಬೀಳದೆ ವರ್ಷಗಟ್ಟಲೆ ಉಳಿಯುವಂಥದ್ದೂ ಇದು. ಪೋರ್ಟ್ ಅಪ್ ಇದೆ, ಎರರ್ ಸೊನ್ನೆ, ವೈಫೈ ಸಿಗ್ನಲ್ ತುಂಬ ಇದೆ. ಆದರೆ ಸ್ಪೀಡ್ ಟೆಸ್ಟ್ ಎಷ್ಟು ಸಲ ಮಾಡಿದರೂ 93-94 ಎಂಬಿಪಿಎಸ್‌ಗೇ ನಿಲ್ಲುತ್ತದೆ. ಆ ಸಂಖ್ಯೆ ಕಂಡರೆ ವೈಫೈ ಸೆಟ್ಟಿಂಗ್‌ಗೆ ಕೈ ಹಾಕಲೇಬೇಡಿ. 100 ಎಂಬಿಪಿಎಸ್ ಲಿಂಕ್‌ನಲ್ಲಿ ಹೆಡರ್‌ಗಳ ಪಾಲು ಕಳೆದು ಉಳಿಯುವುದೇ ಅಷ್ಟು. ಗಿಗಾಬಿಟ್ ಲಿಂಕ್‌ನಲ್ಲಿ ಅದೇ ಲೆಕ್ಕ ಸುಮಾರು 940ಕ್ಕೆ ನಿಲ್ಲುತ್ತದೆ.

ಕಾರಣ ಸರಳ. 100 ಎಂಬಿಪಿಎಸ್‌ಗೆ ಎರಡು ಜೋಡಿ ತಂತಿ ಸಾಕು: 1, 2, 3, 6ನೇ ಪಿನ್. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. 4, 5, 7, 8ರಲ್ಲಿ ಒಂದು ತಂತಿ ಸರಿಯಾಗಿ ಕೂತಿಲ್ಲದಿದ್ದರೂ ಎರಡೂ ತುದಿಯ ಚಿಪ್‌ಗಳು ಗಿಗಾಬಿಟ್‌ಗೆ ಯತ್ನಿಸಿ, ಸೋತು, ಸದ್ದಿಲ್ಲದೆ 100ಕ್ಕೆ ಇಳಿಯುತ್ತವೆ. ಯಾವ ಎಚ್ಚರಿಕೆಯೂ ಬರುವುದಿಲ್ಲ.

ಸರಿಪಡಿಸುವ ಕ್ರಮ:

1. ಎರಡೂ ತುದಿಯ ಪ್ಯಾಚ್ ಕಾರ್ಡ್ (ಸಿದ್ಧವಾಗಿ ಸಿಗುವ ಗಿಡ್ಡ ಕೇಬಲ್) ಬದಲಿಸಿ. ಅರ್ಧ ಪ್ರಕರಣ ಇಲ್ಲೇ ಮುಗಿದೀತು.
2. ಸ್ವಿಚ್‌ನಲ್ಲಿ ಸರಿಯಾಗಿ ಕೆಲಸ ಮಾಡುತ್ತಿರುವ ಬೇರೆ ಪೋರ್ಟಿಗೆ ಹಾಕಿ ನೋಡಿ. ವೇಗ 1000 ಆದರೆ ತಪ್ಪು ಸ್ವಿಚ್ ಪೋರ್ಟಿನದು, ಅಥವಾ ಅಲ್ಲಿ ಯಾರೋ ವೇಗವನ್ನು 100ಕ್ಕೆ ಕಟ್ಟಿಹಾಕಿದ್ದಾರೆ.
3. ಕೇಬಲ್ ಟೆಸ್ಟರ್ ಹಾಕಿ ಎಂಟೂ ದೀಪ ಕ್ರಮವಾಗಿ ಬರುತ್ತವೆಯೇ ನೋಡಿ. ಟೆಸ್ಟರ್ ಹಾಕುವ ಮುಂಚೆ ಪಿಒಇ ಇರುವ ತುದಿ ಬಿಚ್ಚಿರಲೇಬೇಕು.
4. ಸ್ವಿಚ್‌ನಲ್ಲಿ ಕೇಬಲ್ ಡಯಾಗ್ನೋಸ್ಟಿಕ್ಸ್ ಅಥವಾ ಟಿಡಿಆರ್ ಇದ್ದರೆ ಓಡಿಸಿ. ಯಾವ ಜೋಡಿ, ಎಷ್ಟು ಮೀಟರ್ ದೂರದಲ್ಲಿ ತುಂಡಾಗಿದೆ ಎಂದು ಹೇಳುತ್ತದೆ. ಪರೀಕ್ಷೆ ನಡೆಯುವಾಗ ಲಿಂಕ್ ಬೀಳಬಹುದು, ಮೀಟಿಂಗ್ ಹೊತ್ತಿನಲ್ಲಿ ಬೇಡ.
5. ಕೊನೆಗೆ ಮರು ಕ್ರಿಂಪ್, ಅಂದರೆ ಹಳೇ ಕನೆಕ್ಟರ್ ಕತ್ತರಿಸಿ ಹೊಸದನ್ನು ಒತ್ತುವುದು.

ಕ್ರಿಂಪ್ ಮಾಡುವಾಗ ಟಿ568ಬಿ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕನೆಕ್ಟರನ್ನು ಒತ್ತುವ ಮೊದಲು ಬೆಳಕಿಗೆ ಹಿಡಿದು ಅದರ ಮೂತಿ ನೋಡಿ. ಎಂಟು ತಂತಿಗಳ ಹೊಳೆಯುವ ತುದಿ ಎಂಟು ಚುಕ್ಕಿಯಾಗಿ ಕಾಣಬೇಕು. ಒಂದು ಚುಕ್ಕಿ ಮಸುಕಾಗಿದ್ದರೆ ಆ ತಂತಿ ಒಂದೆರಡು ಮಿಲಿಮೀಟರ್ ಹಿಂದೆ ನಿಂತಿದೆ ಎಂದರ್ಥ. ಅದನ್ನು ಹಾಗೇ ಒತ್ತಿದರೆ ಇವತ್ತು ಟೆಸ್ಟರ್‌ನಲ್ಲಿ ಪಾಸಾಗಿ ಮುಂದಿನ ತಿಂಗಳು ಕೈಕೊಡುತ್ತದೆ. ಹೊರಗಿನ ಬೂದು ಜಾಕೆಟ್ ಕೂಡ ಕನೆಕ್ಟರ್ ಒಳಗೆ ಹೋಗಿ ಹಿಂದಿನ ಹಲ್ಲಿಗೆ ಸಿಕ್ಕಿರಬೇಕು. ಇಲ್ಲವಾದರೆ ಕೇಬಲ್ ಎಳೆದಾಗಲೆಲ್ಲ ಭಾರ ಸಣ್ಣ ತಂತಿಗಳ ಮೇಲೆ ಬೀಳುತ್ತದೆ.

ಆಕ್ಸೆಸ್ ಪಾಯಿಂಟ್‌ನ ಪೋರ್ಟ್ 2.5 ಗಿಗಾಬಿಟ್‌ನದಾಗಿದ್ದು ಹಾಳೆಯಲ್ಲಿ 1000 ಎಂದಿದ್ದರೆ ಅದು ದೋಷವಲ್ಲ, ಸ್ವಿಚ್ ಅಷ್ಟಕ್ಕೇ ಇದೆ ಅಷ್ಟೆ. 2016ರಲ್ಲಿ ಬಂದ 802.3ಬಿಝಡ್ ಮಾನದಂಡದ 2.5 ಗಿಗಾಬಿಟ್ ಈಗಾಗಲೇ ಗೋಡೆಯಲ್ಲಿರುವ ಕ್ಯಾಟ್ 5ಇ ಕೇಬಲ್ಲಿನ ಮೇಲೂ 100 ಮೀಟರ್ ಓಡುವಂತೆ ರೂಪಿಸಿದ್ದು. ಸ್ವಿಚ್ ಮಾತ್ರ ಬದಲಿಸಿದರೆ ಸಾಲಬಹುದು.

ಎರರ್ ಎಣಿಕೆ: ಸಂಖ್ಯೆಗಿಂತ ಏರಿಕೆ ಮುಖ್ಯ

ಕೌಂಟರ್‌ನಲ್ಲಿ 12,000 ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟುಬಂದ ಡೇಟಾ) ಇದೆ ಎಂದರೆ ಅದರಿಂದ ಏನೂ ತಿಳಿಯದು. ಎರಡು ವರ್ಷದ ಹಿಂದೆ ಯಾರೋ ಕೇಬಲ್ ಅಲ್ಲಾಡಿಸಿದಾಗ ಬಂದದ್ದೂ ಇರಬಹುದು. ಸಂಖ್ಯೆ ಬರೆದುಕೊಂಡು ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ, ಆ ಹತ್ತು ನಿಮಿಷ ಲಿಂಕ್ ಮೇಲೆ ದೊಡ್ಡ ಡೌನ್‌ಲೋಡ್ ಓಡುತ್ತಿರಲಿ. ಒಳ್ಳೆಯ ತಾಮ್ರದ ಲಿಂಕ್‌ನಲ್ಲಿ ಏರಿಕೆ ಸೊನ್ನೆಯೇ ಇರಬೇಕು. ನಿಮಿಷ ನಿಮಿಷಕ್ಕೂ ಏರುತ್ತಿದ್ದರೆ ಕ್ರಿಂಪ್, ಕೇಬಲ್, ಇಲ್ಲವೇ ಪಕ್ಕದಲ್ಲಿ ಓಡುವ ಕರೆಂಟ್ ವೈರ್ ಕಾರಣ. ಲಿಫ್ಟ್ ಮೋಟರಿನ ವೈರ್ ಜೊತೆ ಒಂದೇ ಡಕ್ಟ್‌ನಲ್ಲಿ ನೆಟ್‌ವರ್ಕ್ ಕೇಬಲ್ ಇಳಿಸಿದ್ದರೆ ಎರರ್ ಲಿಫ್ಟ್ ಓಡಾಡಿದಾಗ ಮಾತ್ರ ಏರುತ್ತದೆ. ಗಡಿಯಾರ ಇಟ್ಟುಕೊಂಡು ನೋಡಿದರೆ ಹೊರತು ಇದು ಸಿಕ್ಕಿಬೀಳುವುದಿಲ್ಲ.

ದಿಕ್ಕನ್ನೂ ಗಮನಿಸಿ. ಎರರ್ ಎಣಿಸುವುದು ಸ್ವೀಕರಿಸುವ ತುದಿ. ಆಕ್ಸೆಸ್ ಪಾಯಿಂಟ್‌ನ ಇನ್‌ಪುಟ್ ಎರರ್ ಸ್ವಿಚ್‌ನಿಂದ ಬರುವ ಡೇಟಾ ಕೆಟ್ಟದ್ದನ್ನು ಹೇಳುತ್ತದೆ. ಸ್ವಿಚ್‌ನ ಇನ್‌ಪುಟ್ ಎರರ್ ಹೇಳುವುದು ಅದರ ತಿರುಗುಮುರುಗು.

ಒಂದು ತುದಿಯಲ್ಲಿ ಸಿಆರ್‌ಸಿ ಏರುತ್ತ, ಇನ್ನೊಂದರಲ್ಲಿ ಲೇಟ್ ಕೊಲಿಷನ್ (ಡೇಟಾ ಕಳಿಸುತ್ತಿರುವಾಗ ತಡವಾಗಿ ಕಂಡ ಡಿಕ್ಕಿ) ಏರುತ್ತಿದ್ದರೆ ಕೇಬಲ್ ಬಿಟ್ಟುಬಿಡಿ, ಅದು ಡ್ಯುಪ್ಲೆಕ್ಸ್ ಜಗಳ. ಯಾರೋ ಒಂದು ಕಡೆ 100 ಫುಲ್ ಎಂದು ಕೈಯಾರೆ ಕಟ್ಟಿದ್ದಾರೆ. ಆಟೋದಲ್ಲಿರುವ ಇನ್ನೊಂದು ತುದಿಗೆ ವೇಗ ಗೊತ್ತಾಗುತ್ತದೆ, ಡ್ಯುಪ್ಲೆಕ್ಸ್ ಗೊತ್ತಾಗುವುದಿಲ್ಲ, ನಿಯಮದಂತೆ ಹಾಫ್‌ಗೆ ಇಳಿಯುತ್ತದೆ. ಎರಡೂ ಕಡೆ ಆಟೋಗೆ ಇಡಿ. ವೇಗವನ್ನು ಕೈಯಾರೆ ಕಟ್ಟುವ ಹಳೇ ಚಾಳಿಯಿಂದ ಇವತ್ತಿನ ಆಕ್ಸೆಸ್ ಪಾಯಿಂಟ್‌ಗಳಿಗೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ಪಿಒಇ: ಕರೆಂಟಿನ ಲೆಕ್ಕ

802.3ಎಎಫ್ (2003) ಪ್ರಕಾರ ಸ್ವಿಚ್ ಪೋರ್ಟ್ ಕೊಡುವುದು 15.4 ವ್ಯಾಟ್, ಸಾಧನಕ್ಕೆ ಖಾತ್ರಿಯಾಗಿ ಮುಟ್ಟುವುದು 12.95. ನಡುವಿನ ವ್ಯತ್ಯಾಸ 100 ಮೀಟರ್ ಕೇಬಲ್ ನುಂಗುವ ಪಾಲು. 802.3ಎಟಿ (2009) ಆದರೆ 30 ಮತ್ತು 25.5. 2018ರ 802.3ಬಿಟಿಯಲ್ಲಿ ಮೂರನೇ ಟೈಪ್‌ಗೆ 60 ಮತ್ತು 51 ವ್ಯಾಟ್.

ಎಟಿ ಬೇಕಾದ ಆಕ್ಸೆಸ್ ಪಾಯಿಂಟ್ ಅನ್ನು ಎಎಫ್ ಪೋರ್ಟಿಗೆ ಹಾಕಿದರೆ ಬಹಳಷ್ಟು ಮಾಡೆಲ್‌ಗಳು ಏಳುತ್ತವೆ, ಆದರೆ ಹೊಟ್ಟೆ ಕಟ್ಟಿಕೊಂಡು ಕೆಲಸ ಮಾಡುತ್ತವೆ: ಯುಎಸ್‌ಬಿ ಬಂದ್, ಎರಡನೇ ಪೋರ್ಟ್ ಬಂದ್, ರೇಡಿಯೊ ಶಕ್ತಿ ಅಥವಾ ಆಂಟೆನಾ ಸಂಖ್ಯೆ ಕಡಿಮೆ. ‘ಎರಡನೇ ಪೋರ್ಟಿಗೆ ಸಿಸಿಟಿವಿ ಹಾಕಿದರೆ ಲಿಂಕೇ ಬರಲ್ಲ’ ಎಂಬ ದೂರಿನ ಬೇರು ಎಷ್ಟೋ ಸಲ ಇಲ್ಲಿರುತ್ತದೆ. ಸ್ಟೇಟಸ್ ಪುಟದಲ್ಲಿ ಪವರ್ ಮೋಡ್ ಎಂದು ಒಂದು ಸಾಲು ಇದ್ದರೆ ಅದನ್ನೂ ಹಾಳೆಗೆ ಬರೆಯಿರಿ.

ಮುಂದಿನದು ಸ್ವಿಚ್‌ನ ಒಟ್ಟು ಬಜೆಟ್. ಎಂಟು ಪಿಒಇ ಪೋರ್ಟ್ ಇದೆ ಎಂದ ಮಾತ್ರಕ್ಕೆ ಎಂಟಕ್ಕೂ ಪೂರ್ತಿ ಕೊಡುತ್ತದೆ ಎಂದಲ್ಲ. ಒಟ್ಟು 60 ವ್ಯಾಟ್ ಇರುವ ಸ್ವಿಚ್‌ಗೆ ಆರು ಆಕ್ಸೆಸ್ ಪಾಯಿಂಟ್ ಹಾಕಿದ್ದೀರಿ ಎನ್ನಿ. ಹಗಲು ತಲಾ 7 ವ್ಯಾಟ್, ಒಟ್ಟು 42, ಸುಖವಾಗಿದೆ. ರಾತ್ರಿ ಎಂಟಕ್ಕೆ ಪಿಜಿ ಹುಡುಗರೆಲ್ಲ ಬಂದು ವಿಡಿಯೊ ಹಚ್ಚಿದಾಗ ತಲಾ 11 ಆದರೆ 66. ಸ್ವಿಚ್ ಕಡಿಮೆ ಆದ್ಯತೆಯ ಪೋರ್ಟಿನ ಕರೆಂಟ್ ಕಿತ್ತುಕೊಳ್ಳುತ್ತದೆ. ದಿನಾ ರಾತ್ರಿ ಒಂದೇ ಮಹಡಿಯ ವೈಫೈ ಸಾಯುತ್ತದೆ, ಬೆಳಿಗ್ಗೆ ನೋಡಲು ಬಂದವನಿಗೆ ಎಲ್ಲವೂ ಸರಿಯಾಗಿರುತ್ತದೆ. ಹಾಗಾಗಿ ವ್ಯಾಟ್ ಅಳತೆಯನ್ನು ಜನ ಹೆಚ್ಚಿರುವ ಹೊತ್ತಿನಲ್ಲೇ ತೆಗೆದುಕೊಳ್ಳಿ.

ಕೇಬಲ್ ಕೊಳ್ಳುವಾಗ ಒಂದು ಮಾತು. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಪೂರ್ಣ ತಾಮ್ರದ್ದು ಮತ್ತು ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಸಿಸಿಎ ಎರಡೂ ಸಿಗುತ್ತವೆ. ಕೇಳಿಯೇ ತೆಗೆದುಕೊಳ್ಳಿ. ಒಂದು ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ: ಕೆಂಪು ಹೋಗಿ ಬೆಳ್ಳಿ ಬಣ್ಣ ಕಂಡರೆ ಸಿಸಿಎ. ಅಲ್ಯೂಮಿನಿಯಂ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ಪ್ರತಿರೋಧ ಒಡ್ಡುತ್ತದೆ. ದೂರ ಹೆಚ್ಚಾದಂತೆ ವೋಲ್ಟೇಜ್ ಕುಸಿದು, ಆಕ್ಸೆಸ್ ಪಾಯಿಂಟ್ ಬೂಟ್ ಆಗುತ್ತದೆ, ರೇಡಿಯೊ ಆನ್ ಆದ ಕ್ಷಣ ಮತ್ತೆ ರೀಬೂಟ್. 305 ಮೀಟರ್ ಬಾಕ್ಸ್ ಎತ್ತಿ ನೋಡಿದರೂ ಸಾಕು, ಸಿಸಿಎ ಬಾಕ್ಸ್ ಹಗುರ.

24 ವೋಲ್ಟ್ ಪ್ಯಾಸಿವ್ ಇಂಜೆಕ್ಟರ್‌ಗಳ (ತಂತಿಗೆ ಕರೆಂಟ್ ಸೇರಿಸುವ ಅಡಾಪ್ಟರ್) ಬಗ್ಗೆ ಎಚ್ಚರ. ಅವು ಎದುರಿಗೆ ಯಾರಿದ್ದಾರೆಂದು ಕೇಳದೆ ಕರೆಂಟ್ ಹರಿಸುತ್ತವೆ. ಪರೀಕ್ಷೆಗೆಂದು ಆ ಕೇಬಲ್ಲನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಬೇಡಿ.

ಬಿದ್ದೆದ್ದ ಲಿಂಕ್: ಯಾರ ತಪ್ಪು?

ಮಧ್ಯೆ ಮಧ್ಯೆ ಕಡಿದುಹೋಗುವ ಸಂಪರ್ಕಕ್ಕೆ ಕಾರಣ ಹುಡುಕಲು ಎರಡು ಸಂಖ್ಯೆ ಸಾಕು: ಸ್ವಿಚ್‌ನ ಲಾಗ್‌ನಲ್ಲಿ ಆ ಪೋರ್ಟ್ ಬಿದ್ದ ಸಮಯ, ಮತ್ತು ಆಕ್ಸೆಸ್ ಪಾಯಿಂಟ್‌ನ ಅಪ್‌ಟೈಮ್.

ಲಿಂಕ್ ಬಿದ್ದಿದೆ, ಅಪ್‌ಟೈಮ್ ಕೂಡ ಅದೇ ಹೊತ್ತಿನಿಂದ ಹೊಸದಾಗಿ ಶುರುವಾಗಿದೆ ಎಂದರೆ ಆಕ್ಸೆಸ್ ಪಾಯಿಂಟ್ ಆಫ್ ಆಗಿ ಎದ್ದಿದೆ. ಪಿಒಇ ಬಜೆಟ್, ಕೇಬಲ್ಲಿನ ವೋಲ್ಟೇಜ್ ಕುಸಿತ, ಇಲ್ಲವೇ ಯುಪಿಎಸ್ ನೋಡಿ. ಬೆಸ್ಕಾಂ ಕರೆಂಟ್ ಹೋಗಿ ಜನರೇಟರ್ ಹತ್ತುವ ಹತ್ತು ಸೆಕೆಂಡ್ ಸಾಕು, ಯುಪಿಎಸ್ ಇಲ್ಲದ ಮಹಡಿಯ ಸ್ವಿಚ್ ರೀಬೂಟ್ ಆಗಲು. ಆ ಮಹಡಿಯ ಎಲ್ಲ ಪೋರ್ಟೂ ಒಟ್ಟಿಗೇ ಬಿದ್ದಿದ್ದರೆ ಅನುಮಾನವೇ ಬೇಡ. ಫರ್ಮ್‌ವೇರ್ ತಾನಾಗಿ ಕುಸಿದು ರೀಬೂಟ್ ಆಗುವುದೂ ಉಂಟು. ಆಗ ಸ್ವಿಚ್‌ನ ಪಿಒಇ ಲಾಗ್‌ನಲ್ಲಿ ಕರೆಂಟ್ ಕಡಿತದ ಸಾಲು ಇರುವುದಿಲ್ಲ.

ಲಿಂಕ್ ಬಿದ್ದಿದೆ, ಅಪ್‌ಟೈಮ್ ಮಾತ್ರ ನಲವತ್ತು ದಿನ ಎಂದೇ ಇದೆ: ಕರೆಂಟ್ ಸರಿಯಿದೆ, ಡೇಟಾ ದಾರಿ ಕೆಟ್ಟಿದೆ. ಕ್ರಿಂಪ್, ಕೀಸ್ಟೋನ್ ಜ್ಯಾಕ್ (ಗೋಡೆಯಲ್ಲಿನ ನೆಟ್‌ವರ್ಕ್ ಸಾಕೆಟ್) ನೋಡಿ. ಅಲ್ಲೆಲ್ಲ ಸರಿಯಿದ್ದರೆ ಸ್ವಿಚ್‌ನಲ್ಲಿ ಆ ಪೋರ್ಟಿನ 802.3ಎಝಡ್ ವಿದ್ಯುತ್ ಉಳಿತಾಯ ಆಯ್ಕೆಯನ್ನು ಆಫ್ ಮಾಡಿ ಒಂದು ದಿನ ಬಿಡಿ. ಕೆಲವು ಚಿಪ್ ಜೋಡಿಗಳಿಗೆ ಅದು ಒಗ್ಗುವುದಿಲ್ಲ.

ಎರಡೂ ಕಡೆ ಗಡಿಯಾರ ಸರಿಯಿರಬೇಕು, ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಸಮಯ ಹೊಂದಿಸುವ ವ್ಯವಸ್ಥೆ) ಹಾಕಿ. ಲಾಗ್ ಯುಟಿಸಿಯಲ್ಲಿದ್ದರೆ ನಮ್ಮ ರಾತ್ರಿ 8 ಗಂಟೆ ಅಲ್ಲಿ 14:30 ಎಂದು ಕಾಣುತ್ತದೆ. ಈ ಐದೂವರೆ ಗಂಟೆ ಮರೆತು ಮಧ್ಯಾಹ್ನ ಏನಾಯಿತೆಂದು ಹುಡುಕುತ್ತ ಕೂರುವುದು ಮಾಮೂಲು.

ತಾನಾಗಿ ನೋಡಿಕೊಳ್ಳುವ ವ್ಯವಸ್ಥೆ

ಹತ್ತಕ್ಕಿಂತ ಹೆಚ್ಚು ಆಕ್ಸೆಸ್ ಪಾಯಿಂಟ್ ಇದ್ದರೆ ಕೈಯಾರೆ ನೋಡುವುದು ಆಗದ ಮಾತು. ಹಳೇ ಕಂಪ್ಯೂಟರ್ ಒಂದರಲ್ಲಿ ಉಚಿತವಾದ ಲಿಬ್ರೆಎನ್‌ಎಂಎಸ್ ಅಥವಾ ಝ್ಯಾಬಿಕ್ಸ್ ಹಾಕಿ, ಎಸ್‌ಎನ್‌ಎಂಪಿ (ಸಾಧನಗಳ ಸ್ಥಿತಿ ವಿಚಾರಿಸುವ ಭಾಷೆ) ಮೂಲಕ ಕೇಳಿಸಿ. ಸಾಧನ ಒಪ್ಪಿದರೆ 3ನೇ ಆವೃತ್ತಿಯನ್ನೇ ಬಳಸಿ. 2ಸಿ ಆವೃತ್ತಿಯಲ್ಲಿ ಗುಟ್ಟಿನ ಪದ ಬಯಲಲ್ಲೇ ಹೋಗುತ್ತದೆ. ಅನಿವಾರ್ಯವಾದರೆ ‘ಪಬ್ಲಿಕ್’ ಎಂಬ ಪದ ಬದಲಿಸಿ, ಓದುವ ಹಕ್ಕು ಮಾತ್ರ ಕೊಟ್ಟು, ಕೇಳುವ ಯಂತ್ರದ ಐಪಿಗಷ್ಟೇ ಬಿಡಿ. ಯುಡಿಪಿ 161 ತೆರೆದಿರಬೇಕು, ಟ್ರ್ಯಾಪ್‌ಗಳಿಗೆ (ಸಾಧನ ತಾನಾಗಿ ಕಳಿಸುವ ಎಚ್ಚರಿಕೆ) 162.

ಕೇಳಬೇಕಾದ ಒಐಡಿಗಳು (ಒಂದೊಂದು ಮಾಹಿತಿಯ ಗುರುತು ಸಂಖ್ಯೆ) ಇವು. ಪ್ರತಿಯೊಂದರ ಕೊನೆಗೆ ಪೋರ್ಟಿನ ಇಂಡೆಕ್ಸ್ ಸಂಖ್ಯೆ ಸೇರಿಸಬೇಕು:

ಲಿಂಕ್ ಸ್ಥಿತಿ: 1.3.6.1.2.1.2.2.1.8 (1 ಅಪ್, 2 ಡೌನ್, 7 ಕೆಳಪದರ ಡೌನ್)
ಅಡ್ಮಿನ್ ಸ್ಥಿತಿ: 1.3.6.1.2.1.2.2.1.7
ಕೊನೆಯ ಬದಲಾವಣೆ: 1.3.6.1.2.1.2.2.1.9
ಬಂದ ಎರರ್: 1.3.6.1.2.1.2.2.1.14
ವೇಗ, ಎಂಬಿಪಿಎಸ್‌ನಲ್ಲಿ: 1.3.6.1.2.1.31.1.1.1.15
ಬಂದ ಬೈಟ್, 64 ಬಿಟ್: 1.3.6.1.2.1.31.1.1.1.6
ಡ್ಯುಪ್ಲೆಕ್ಸ್: 1.3.6.1.2.1.10.7.2.1.19 (2 ಹಾಫ್, 3 ಫುಲ್)

ಬೈಟ್ ಎಣಿಕೆಗೆ 64 ಬಿಟ್‌ನದನ್ನೇ ಹಿಡಿಯಿರಿ. 32 ಬಿಟ್ ಕೌಂಟರ್ ತುಂಬಿದ ಗಿಗಾಬಿಟ್ ಲಿಂಕ್‌ನಲ್ಲಿ ಸುಮಾರು 34 ಸೆಕೆಂಡಿಗೆ ಮತ್ತೆ ಸೊನ್ನೆಗೆ ಬರುತ್ತದೆ, ಗ್ರಾಫ್ ಹುಚ್ಚುಹುಚ್ಚಾಗಿ ಕಾಣುತ್ತದೆ.

ಈಗ ಮುಖ್ಯ ಸಂಗತಿ. ಆಕ್ಸೆಸ್ ಪಾಯಿಂಟ್ ತನ್ನ ಪೋರ್ಟ್ ಬಿದ್ದ ಸುದ್ದಿಯನ್ನು ತಾನೇ ಕಳಿಸಲಾರದು, ಕಳಿಸಬೇಕಾದ ದಾರಿಯೇ ಬಿದ್ದಿರುತ್ತದಲ್ಲ! ಆದ್ದರಿಂದ ಲಿಂಕ್ ಡೌನ್ ಎಚ್ಚರಿಕೆಯನ್ನು ಸ್ವಿಚ್ ಕಡೆಯಿಂದಲೇ ಪಡೆಯಿರಿ. ಆಕ್ಸೆಸ್ ಪಾಯಿಂಟ್‌ನಿಂದ ವೇಗ, ಎರರ್, ಅಪ್‌ಟೈಮ್ ಕೇಳಿ. 60 ಸೆಕೆಂಡಿಗೊಮ್ಮೆ ಕೇಳಿದರೆ ಸಾಕು. ನಡುವೆ ಬಿದ್ದು ಎದ್ದದ್ದು ತಪ್ಪಿಹೋದರೂ ಕೊನೆಯ ಬದಲಾವಣೆಯ ಸಮಯ ಹೇಳುತ್ತದೆ.

ಎಚ್ಚರಿಕೆ ಮೂರೇ ಇರಲಿ. ಸತತ ಮೂರು ಸಲ ಡೌನ್ ಎಂದರೆ ಫೋನಿಗೆ ಸಂದೇಶ. ವೇಗ ಹಾಳೆಯಲ್ಲಿ ಬರೆದದ್ದಕ್ಕಿಂತ ಕಡಿಮೆಯಾದರೆ ಇಮೇಲ್. ಐದು ನಿಮಿಷದಲ್ಲಿ ಎರರ್ ಏರಿಕೆ ಸೊನ್ನೆ ದಾಟಿದರೆ ಇಮೇಲ್. ಎಲ್ಲದಕ್ಕೂ ಫೋನ್ ಬಡಿದುಕೊಳ್ಳುವಂತೆ ಮಾಡಿದರೆ ವಾರದೊಳಗೆ ಯಾರೋ ಅದನ್ನು ಮ್ಯೂಟ್ ಮಾಡಿರುತ್ತಾರೆ.

ಪೋರ್ಟ್ ಎಲ್ಲ ಸರಿ, ಇಂಟರ್ನೆಟ್ ಮಾತ್ರ ಇಲ್ಲ

ಫೋನಿಗೆ 169.254 ಎಂದು ಶುರುವಾಗುವ ಐಪಿ ಬಂದಿದ್ದರೆ, ಅಥವಾ ಐಪಿಯೇ ಬರದಿದ್ದರೆ, ಆ ವೈಫೈ ಹೆಸರಿನ ವಿಎಲ್ಯಾನ್ (ಒಂದೇ ತಂತಿಯಲ್ಲಿ ಪ್ರತ್ಯೇಕವಾಗಿ ಓಡುವ ನೆಟ್‌ವರ್ಕ್) ಸ್ವಿಚ್ ಪೋರ್ಟಿನ ಟ್ರಂಕ್‌ನಲ್ಲಿ (ಹಲವು ವಿಎಲ್ಯಾನ್ ಸಾಗಿಸುವ ಸೆಟ್ಟಿಂಗ್) ಸೇರಿದೆಯೇ ನೋಡಿ. ಸಿಬ್ಬಂದಿ ವೈಫೈ ಓಡುತ್ತ ಗೆಸ್ಟ್ ಮಾತ್ರ ಓಡದಿದ್ದರೆ ಹೆಚ್ಚಾಗಿ ಇದೇ ಕಾರಣ. ಲಿಂಕ್ ಅಪ್ ಇದ್ದೂ ಒಂದು ಪ್ಯಾಕೆಟ್ಟೂ ಸಾಗದಿದ್ದರೆ ಸ್ಪ್ಯಾನಿಂಗ್ ಟ್ರೀ (ಡೇಟಾ ಸುತ್ತಿ ಸುತ್ತಿ ಬರುವ ಲೂಪ್ ತಡೆಯುವ ವ್ಯವಸ್ಥೆ) ಪೋರ್ಟನ್ನು ತಡೆದಿದೆಯೇ ನೋಡಿ. ಮೆಶ್‌ನಲ್ಲಿದ್ದ (ತಂತಿಯಿಲ್ಲದೆ ಇನ್ನೊಂದರ ಜೊತೆ ಬೆಸೆದ) ಆಕ್ಸೆಸ್ ಪಾಯಿಂಟ್‌ಗೆ ಯಾರೋ ಕೇಬಲ್ಲನ್ನೂ ಸಿಕ್ಕಿಸಿದಾಗ ಲೂಪ್ ಆಗಿ ಹೀಗಾಗುವುದುಂಟು.

ಟೆರೇಸಿನ ಮೇಲಿನವು

ಏಪ್ರಿಲ್-ಮೇ ಸಂಜೆಗಳ ಗುಡುಗು ಮಳೆ ಹೊರಾಂಗಣ ಪೋರ್ಟ್‌ಗಳ ಪರೀಕ್ಷೆ. ಮೊದಲ ಮಳೆ ಬಂದ ಮರುದಿನ ಟೆರೇಸ್ ಪೋರ್ಟ್‌ಗಳ ಎರರ್ ಏರಿಕೆ ತಪ್ಪದೆ ನೋಡಿ. ನೀರು ಕೇಬಲ್ ಹಿಡಿದು ಇಳಿದು ಕನೆಕ್ಟರ್ ಒಳಗೆ ಸೇರುತ್ತದೆ, ಪಿಒಇ ವೋಲ್ಟೇಜ್ ಜೊತೆಗೂಡಿ ಪಿನ್‌ಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಮೊದಲು ಎರರ್, ಆಮೇಲೆ 100ಕ್ಕೆ ಇಳಿತ, ಕೊನೆಗೆ ಡೌನ್, ಇದೇ ಕ್ರಮದಲ್ಲಿ ವಾರಗಟ್ಟಲೆ ಎಳೆಯುತ್ತದೆ. ಪೋರ್ಟಿಗೆ ಹೋಗುವ ಮುನ್ನ ಕೇಬಲ್ಲನ್ನು ಒಂದು ಗೇಣು ಕೆಳಕ್ಕೆ ಜೋತುಬಿಟ್ಟು ಮೇಲಕ್ಕೆ ತಿರುಗಿಸಿದರೆ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಜೊತೆಗೆ ಬಂದ ರಬ್ಬರ್ ಗ್ಲ್ಯಾಂಡ್ ಬಿಸಾಡದೆ ಹಾಕಿ. ಕಿಲುಬು ಹಿಡಿದ ಕನೆಕ್ಟರ್ ಉಜ್ಜಿ ಬಳಸಬೇಡಿ, ಕತ್ತರಿಸಿ ಹೊಸದು ಹಾಕಿ.

ಸರ್ಜ್ ಪ್ರೊಟೆಕ್ಟರ್ ಹಾಕುವುದಾದರೆ ಗಿಗಾಬಿಟ್ ಮತ್ತು ಪಿಒಇ ಎರಡನ್ನೂ ಬಿಡುವಂಥದ್ದು ಬೇಕು, ಅರ್ತ್ ವೈರ್ ನಿಜವಾದ ಅರ್ತಿಂಗ್‌ಗೆ ಹೋಗಿರಬೇಕು. 100 ಎಂಬಿಪಿಎಸ್‌ಗೆಂದೇ ಮಾಡಿದ ಅಗ್ಗದ ಪ್ರೊಟೆಕ್ಟರ್ ನಡುವೆ ಕೂತಿದ್ದರೆ, ಎಷ್ಟೇ ಚೆನ್ನಾಗಿ ಕ್ರಿಂಪ್ ಮಾಡಿದರೂ ಸ್ಪೀಡ್ ಟೆಸ್ಟ್ ಮತ್ತೆ ಅದೇ 94ಕ್ಕೆ ಬಂದು ನಿಲ್ಲುತ್ತದೆ.